ಸತ್ಯವೇದ: ಬಳಸುವ ವಿಧಾನ (ಮಂಗಳೂರಿನ ಹವೆಗೆ ಮಾತ್ರ)

ಬಳಸುವ ಮೊದಲು ಗ್ರಂಥವನ್ನು ಶೋಕೇಸಿನಿಂದ ಹೊರಗೆ ತೆಗೆಯಿರಿ. ಗಾಜಿನ ಹಿಂದೆ, ಸಂಡೇ ಸ್ಕೂಲಿನ ಕಪ್ಪುಗಳ ಮಧ್ಯೆ ಇಟ್ಟಿರುವಷ್ಟು ದಿನ ಇದು ಕೆಲಸ ಮಾಡುವುದಿಲ್ಲ. ಒಳಗೆ ಸಿಕ್ಕಿಸಿಟ್ಟ ಮೆಸ್ಕಾಂ ಬಿಲ್ಲು, ಹಳೆಯ ಮದುವೆ ಕಾಗದ, ಕಳೆದ ವರ್ಷದ ಗರಿಗಳ ಭಾನುವಾರದ ಗರಿ ಇವನ್ನು ಬೇರೆ ಕಡೆ ಇಡಿ. ಮೊದಲ ಪುಟದಲ್ಲಿ ಅಜ್ಜನ ಕೈಬರಹದಲ್ಲಿರುವ ಹುಟ್ಟಿದ ತಾರೀಕುಗಳನ್ನು ಮಾತ್ರ ಮುಟ್ಟಬೇಡಿ. ಮನೆಯ ಅರ್ಧ ಜಗಳ ಬಗೆಹರಿಯುವುದು ಅಲ್ಲಿಯೇ.

ಗ್ರಂಥವನ್ನು ಇಡುವ ಜಾಗ ಮುಖ್ಯ. ಭಕ್ತಿಗಿಂತ ಮುಖ್ಯ ಅಂದರೂ ಅಡ್ಡಿಯಿಲ್ಲ. ಬೆಳಿಗ್ಗೆ ಚಾ ಲೋಟ ಇಡುವ ಜಾಗದಲ್ಲಿ, ಕೈಗೆ ಎಟಕುವ ಹಾಗೆ ಇರಲಿ. ಕಥೋಲಿಕರ ಮನೆಗಳಲ್ಲಿ ಸಂಜೆಯ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಗೂ ಉಂಟು, ಓದನ್ನು ಅದರ ಬಾಲಕ್ಕೆ ಕಟ್ಟಿದರಾಯಿತು. ಮೊಬೈಲಿನಲ್ಲಿ ಓದುತ್ತೇನೆ ಎನ್ನುವವರು ಓದಬಹುದು. ಆದಾಮನಿಗೆ ಪಕ್ಕೆಲುಬು ಹೋಗುವಷ್ಟರಲ್ಲಿ ಕುಟುಂಬದ ಗ್ರೂಪಿನಲ್ಲಿ ಯಾರೋ ಗುಡ್ ಮಾರ್ನಿಂಗ್ ಹಾಕಿರುತ್ತಾರೆ, ಅಷ್ಟೇ.

ಅಳತೆ ಹೀಗೆ. ಪ್ರೊಟೆಸ್ಟೆಂಟರ ಪ್ರತಿಯಲ್ಲಿ 66 ಪುಸ್ತಕ, 1189 ಅಧ್ಯಾಯ. (ಕಥೋಲಿಕರಿಗೆ 73 ಪುಸ್ತಕ, ಅವರು ಲೆಕ್ಕ ಬೇರೆ ಹಾಕಬೇಕು.) ದಿನಕ್ಕೆ 3, ಭಾನುವಾರ 5 ಎಂದರೆ ವಾರಕ್ಕೆ 23, 52 ವಾರಕ್ಕೆ 1196. ಏಳು ಅಧ್ಯಾಯ ಮಿಗುತ್ತದೆ. ಅದು ಜ್ವರಕ್ಕೆ ಮತ್ತು ಮುಂಬಯಿಯಿಂದ ಬರುವ ನೆಂಟರಿಗೆ.

ಶುರು ಮಾಡುವ ದಿನ: ಜನವರಿ 1 ಅಲ್ಲ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಕಣ್ಣು ತುಂಬಿ ನಿಶ್ಚಯ ಮಾಡಿದವರು ಆದಿಕಾಂಡ, ವಿಮೋಚನಕಾಂಡ ದಾಟಿ ಜನವರಿ ಕೊನೆಗೆ ಯಾಜಕಕಾಂಡಕ್ಕೆ ಬಂದು ಮುಟ್ಟುತ್ತಾರೆ. ಅಲ್ಲಿಂದ ಮುಂದೆ ಹೋದವರು ಕಡಿಮೆ. ಹೋಮದ ಕೊಬ್ಬು, ಚರ್ಮರೋಗ, ಬಟ್ಟೆಯ ಬೂಸರು, ಗೋಡೆಯ ಬೂಸರು. ಬಿಸಿಲಿಗೆ ಸುಣ್ಣದ ಗೋಡೆ ಹೊಳೆಯುವ ಕಾಲದಲ್ಲಿ ಇದನ್ನು ಓದಿದರೆ ತಲೆಗೆ ಹೋಗುವುದಾದರೂ ಹೇಗೆ?

ಆದ್ದರಿಂದ ಜೂನ್ 1ಕ್ಕೆ, ಮಳೆಯ ಜೊತೆಗೇ ಶುರು ಮಾಡಿ. ಜುಲೈ ಮೊದಲ ವಾರಕ್ಕೆ ಸರಿಯಾಗಿ ಯಾಜಕಕಾಂಡ 13, 14 ಬರುತ್ತದೆ. ಆಗ ನಿಮ್ಮ ಮಲಗುವ ಕೋಣೆಯ ಪಡುವಣ ಗೋಡೆ ಹಸಿರಾಗಿರುತ್ತದೆ, ಮಕ್ಕಳ ಯೂನಿಫಾರ್ಮು ಮೂರು ದಿನದಿಂದ ಹಗ್ಗದಲ್ಲಿದ್ದು ವಾಸನೆ ಬರುತ್ತಿರುತ್ತದೆ. ಯಾಜಕನು ಬಂದು ಗೋಡೆ ನೋಡಬೇಕು, ಹಸಿರೋ ಕೆಂಪೋ ಮಚ್ಚೆ ಇದ್ದರೆ ಮನೆಯನ್ನು ಏಳು ದಿನ ಮುಚ್ಚಬೇಕು, ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು ಊರಾಚೆ ಎಸೆಯಬೇಕು, ಗೋಡೆ ಕೆರೆಯಬೇಕು, ಮತ್ತೆ ಬಂದರೆ ಮನೆಯನ್ನೇ ಕೆಡವಬೇಕು ಎಂದು ಮೋಶೆಯ ನಿಯಮ. ಮುರಕಲ್ಲಿನ ಮನೆಯವರು ಇದನ್ನು ಪ್ರಯೋಗಿಸಬಾರದು, ಕರಾವಳಿಯಲ್ಲಿ ಒಂದು ಮನೆಯೂ ಉಳಿಯದು. ಫ್ಲಾಟಿನವರು ಮೊದಲು ಅಸೋಸಿಯೇಷನ್ನಿನ ಅನುಮತಿ ಪಡೆಯಬೇಕು. ಆದರೆ ಆ ಅಧ್ಯಾಯದಲ್ಲಿ ಯಾರಿಗೂ ನಿದ್ದೆ ಬಾರದು, ಮಾರಾಯ್ರೆ, ಅದಕ್ಕೆ ಗ್ಯಾರಂಟಿ ಉಂಟು.

ದೋಷ ನಿವಾರಣೆ

ಓದು ತಪ್ಪಿದ ದಿನ: ಬಾಕಿ ಕಟ್ಟಲು ಹೋಗಬೇಡಿ. ಐದು ದಿನದ ಹದಿನೈದು ಅಧ್ಯಾಯವನ್ನು ಒಂದೇ ಶನಿವಾರ ತೀರಿಸಲು ಕೂತವರು ಅರಣ್ಯಕಾಂಡ 7ರಲ್ಲಿ ಬೀಳುತ್ತಾರೆ. ಅಲ್ಲಿ ಹನ್ನೆರಡು ಕುಲಾಧಿಪತಿಗಳು ಒಬ್ಬೊಬ್ಬರಾಗಿ ಅದೇ ಬೆಳ್ಳಿ ತಟ್ಟೆ, ಅದೇ ಬೋಗುಣಿ, ಅದೇ ಕುರಿ ತರುತ್ತಾರೆ, ಹನ್ನೆರಡು ಸಲವೂ ಪೂರ್ತಿ ಪಟ್ಟಿ. ಮದುವೆ ಮನೆಯ ಉಡುಗೊರೆ ಪುಸ್ತಕವನ್ನು ಮೈಕಿನಲ್ಲಿ ಓದಿದ ಹಾಗೆ. ಬಿಟ್ಟಲ್ಲಿಂದ ಹಿಡಿಯಿರಿ. ವರ್ಷಕ್ಕೆ ಮುಗಿಯದಿದ್ದರೆ ಯಾರೂ ಬಂದು ವಾಪಸು ಕೇಳುವುದಿಲ್ಲ.

ಬಸ್ಸಿಗೆ ತಡವಾದರೆ: ಕೀರ್ತನೆ 117. ಎರಡೇ ವಚನ.

ಕರೆಂಟು ಹೋಗುವ ಸೂಚನೆ ಇದ್ದರೆ: ಕೀರ್ತನೆ 119 ತೆಗೆಯಬೇಡಿ. 176 ವಚನ.

ಆಸಕ್ತಿ ಪೂರ್ತಿ ಕೆಟ್ಟು ನಿಂತರೆ: ಮಂಗಳೂರಿನ ಬಲ್ಮಠಕ್ಕೆ ಒಂದು ಸಲ ಹೋಗಿ ಬನ್ನಿ. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಅಚ್ಚುಕೂಟ ಹಾಕಿದ್ದು ಇದೇ ಊರಿನಲ್ಲಿ. ಮೊದಲ ವರ್ಷಗಳಲ್ಲಿ ಕಲ್ಲಚ್ಚು. ಮೊಳೆ ಜೋಡಿಸುವ ಪ್ರಶ್ನೆಯೇ ಇಲ್ಲ, ಪ್ರತಿ ಪುಟವನ್ನೂ ಕೈಯಲ್ಲಿ ಬರೆದು ಕಲ್ಲಿಗೆ ಇಳಿಸಬೇಕು. 1847ರಲ್ಲಿ ತುಳು ಹೊಸ ಒಡಂಬಡಿಕೆ ಬಂತು, ಕನ್ನಡ ಲಿಪಿಯಲ್ಲಿ. ಯಾರೋ ಕೂತು ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿಯನ್ನು ಒಂದು ಹೆಸರೂ ಬಿಡದೆ ಬರೆದಿದ್ದಾರೆ. ನಾವು ಅದನ್ನು ಕಣ್ಣಲ್ಲಿ ನೋಡಿ ಪುಟ ಮಗುಚುತ್ತೇವೆ.

ಹೆಸರಿನ ಪಟ್ಟಿಗಳ ವಿಷಯ ಬಂದದ್ದರಿಂದ ಒಂದು ಎಚ್ಚರಿಕೆ. ಸೆಪ್ಟೆಂಬರಿನ ಮೊಂತಿ ಫೆಸ್ತ್ (ಕಥೋಲಿಕರ ತೆನೆಹಬ್ಬ) ಮುಗಿದ ವಾರ ನೀವು ಪೂರ್ವಕಾಲವೃತ್ತಾಂತಕ್ಕೆ ಬರುತ್ತೀರಿ, ಮೊದಲ ಒಂಬತ್ತು ಅಧ್ಯಾಯ ಬಹುಪಾಲು ಹೆಸರುಗಳೇ. ಒಬ್ಬರೇ ಓದುವವರು ಹಾರಿಸಬಹುದು, ಯಾರಿಗೂ ಹೇಳಬೇಕಾಗಿಲ್ಲ. ಮನೆಯಲ್ಲಿ ತುಳು ಮಾತಾಡಿ ಗ್ರಂಥ ಮಾತ್ರ ಕನ್ನಡದಲ್ಲಿ ಓದುವ ಹಳೆಯ ಬಾಸೆಲ್ ಮಿಷನ್ ಮನೆಗಳಲ್ಲಿ, ಕಣ್ಣು ಮಂದವಾದ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುವವರಿಗೆ ಈ ಸೌಕರ್ಯ ಇಲ್ಲ. ಮುಂದಿನ ಹೆಸರು ಯಾವುದೆಂದು ಅಜ್ಜಿಗೆ ಗೊತ್ತಿರುತ್ತದೆ.