ಲೇಬಲಕ್ಕ

ಎಲ್ಲ ಅಪಾರ್ಟ್‌ಮೆಂಟಿನಲ್ಲೂ, ಎಲ್ಲರ ನೆಂಟರಲ್ಲೂ ಒಬ್ಬಳು ಲೇಬಲಕ್ಕ ಇದ್ದೇ ಇರುತ್ತಾಳೆ. ಸೂಪರ್‌ಮಾರ್ಕೆಟ್ಟಿನ ಶಾಂಪೂ ಸಾಲಿನ ಮುಂದೆ, ಕನ್ನಡಕ ಹಣೆಗೇರಿಸಿ, ಬಾಟಲಿಯ ಬೆನ್ನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತ ನಿಂತವಳೇ ಅವಳು. ಜೊತೆಗೆ ಬಂದ ಗಂಡ ಅಷ್ಟರಲ್ಲಿ ತಿಂಗಳ ದಿನಸಿ ತುಂಬಿಸಿ, ಬಿಲ್ ಮಾಡಿಸಿ, ಕಾರಿನಲ್ಲಿ ಕೂತು ಒಂದು ನಿದ್ದೆ ತೆಗೆದಿರುತ್ತಾನೆ.

ಅಕ್ಕನದು ಗುಂಗುರು ಕೂದಲು. ಬಾಚಿದರೆ ಕೆದರುತ್ತದೆ, ಬಾಚದಿದ್ದರೆ ಸಿಕ್ಕಾಗುತ್ತದೆ. ಚಿಕ್ಕಂದಿನಲ್ಲಿ ಅಮ್ಮ ಎಣ್ಣೆ ಮೆತ್ತಿ, ಎರಡು ಜಡೆ ಹೆಣೆದು, ರಿಬ್ಬನ್ ಬಿಗಿದು ಮಟ್ಟ ಹಾಕಿದ್ದಳು. ಮದುವೆಯ ಹೊತ್ತಿಗೆ ಪಾರ್ಲರಿನಲ್ಲಿ ಸ್ಟ್ರೇಟನಿಂಗ್ ಆಯಿತು. ಬುಡದಿಂದ ಹೊಸದಾಗಿ ಬಂದ ಕೂದಲು ಮಾತ್ರ ಹಳೇ ಚಾಳಿ ಬಿಡಲಿಲ್ಲ. ಅಲ್ಲಿಂದ ಅವಳು ಜ್ಞಾನಮಾರ್ಗ ಹಿಡಿದಳು.

‘ಯಾವ ಶಾಂಪೂ ಹಾಕ್ತೀರಿ?’ ಎಂದು ಲಿಫ್ಟಿನಲ್ಲಿ ಯಾರಾದರೂ ಕೇಳಿದರೆ ಮುಗಿಯಿತು, ಅವರ ಮನೆಯ ಕುಕ್ಕರು ಸೀದು ಹೋದ ಹಾಗೇ.

“ಮುಂದುಗಡೆ ಚಿತ್ರ ನೋಡಿ ತಗೋಬಾರದು ಕಣೇ. ಹಿಂದಿನ ಪಟ್ಟೀಲಿ ಯಾವುದು ಮೊದಲು ಬರುತ್ತೋ ಅದೇ ಜಾಸ್ತಿ ಇರೋದು. ಇಲ್ಲಿ ನೋಡು, ಆರ್ಗನ್ ಎಣ್ಣೆ ಅಂತ ಇಷ್ಟಗಲ ಬರೆದಿದ್ದಾರೆ. ಪಟ್ಟೀಲಿ ಹುಡುಕು. ಸೆಂಟಿನ ಹಿಂದೆ ನಿಂತಿದೆ, ಪಾಪ!”

ಇದು ಸುಳ್ಳಲ್ಲ. ಶೇಕಡಾ 1ಕ್ಕಿಂತ ಕಡಿಮೆ ಇರುವ ಸಾಮಾನುಗಳನ್ನು ಪಟ್ಟಿಯ ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಸೆಂಟಿನ ಆಸುಪಾಸಿನಲ್ಲಿರುವುದೆಲ್ಲ ಸಾಮಾನ್ಯವಾಗಿ ಚಿಟಿಕೆ ಲೆಕ್ಕವೇ. ಅಕ್ಕ ಹೇಳುವುದರಲ್ಲಿ ಮುಕ್ಕಾಲು ಪಾಲು ಸರಿಯಾಗಿರುತ್ತದೆ, ಅದೇ ತೊಂದರೆ. ತಪ್ಪಾಗಿದ್ದರೆ ಎದ್ದು ಹೋಗಬಹುದಿತ್ತು.

“ಸಲ್ಫೇಟ್ ಜಾಸ್ತಿ ಇದ್ರೆ ಇರೋ ಜಿಡ್ಡನ್ನೂ ತೊಳೆದು ಹಾಕತ್ತೆ. ಆದರೆ ಆಲ್ಕೋಹಾಲ್ ಅಂದ ಕೂಡಲೇ ಹೆದರಬೇಡ. ಸೀಟೈಲ್, ಸ್ಟಿಯರಿಲ್ ಒಳ್ಳೇ ಆಲ್ಕೋಹಾಲ್, ಕೂದಲನ್ನ ಮೆತ್ತಗೆ ಮಾಡತ್ತೆ. ಡಿನೇಚರ್ಡ್ ಅಂತಿದ್ರೆ ಒಣಗಿಸಿಬಿಡತ್ತೆ.” ಆಲ್ಕೋಹಾಲ್ ಎಂಬ ಮಾತಿಗೆ ಪೇಪರಿನಿಂದ ತಲೆಯೆತ್ತಿದ ಗಂಡ, ವಿಷಯ ಇಷ್ಟೇ ಎಂದು ತಿಳಿದು ಮತ್ತೆ ತಗ್ಗಿಸುತ್ತಾನೆ.

ಭಾನುವಾರ ಅಡುಗೆಮನೆ ಅವಳ ಪ್ರಯೋಗಶಾಲೆ. ಅಗಸೆಬೀಜ ನೀರಲ್ಲಿ ಕುದಿದು ಲೋಳೆ ಬಿಡುತ್ತಿರುತ್ತದೆ. ಬಿಸಿ ಇದ್ದಾಗಲೇ ಸೋಸಬೇಕು; ಆರಿತೋ, ಬಟ್ಟೆಯಿಂದ ತೊಟ್ಟೂ ಇಳಿಯುವುದಿಲ್ಲ, ಹಿಂಡಿದ ಕೈಗೇ ಅಂಟಿಕೊಂಡು ನೂಲೆಳೆಯುತ್ತದೆ. ಟವೆಲಿನಿಂದ ತಲೆ ಉಜ್ಜಿದರೆ ಕೂದಲು ಏಳುತ್ತದೆಂದು ಗಂಡನ ಹತ್ತಿಯ ಬನಿಯನ್ನು ತಲೆಗೆ ಸುತ್ತಿಕೊಳ್ಳುತ್ತಾಳೆ. ಉಡುಪಿಯಿಂದ ಬಂದ ಅಮ್ಮ ಇದನ್ನೆಲ್ಲ ನೋಡಿ, “ದಾಸವಾಳದ ಎಲೆ ಕಿವುಚಿದ್ರೂ ಇದೇ ಲೋಳೆ ಅಲ್ವಾ? ಗ್ಯಾಸ್ ಆದ್ರೂ ಉಳೀತಿತ್ತು” ಎಂದರೆ, ಅಕ್ಕನಿಗೆ ದಾಸವಾಳದ ಲೇಬಲ್ ಎಲ್ಲಿ ಓದುವುದೆಂಬ ಚಿಂತೆ.

ಇಷ್ಟೆಲ್ಲ ಮಾಡಿ ಕೂದಲು ಹತೋಟಿಗೆ ಬಂತೇ? ಬೆಂಗಳೂರಿನ ಚಳಿಗಾಲದಲ್ಲಿ ಬರುತ್ತದೆ. ಉಳಿದಂತೆ ಅದು ಹವಾಮಾನ ಇಲಾಖೆಯ ಅಧೀನ. ಜಿನೀವಾದ ಸೋಸ್ಯೂರ್ ಎಂಬ ವಿಜ್ಞಾನಿ 1783ರಲ್ಲೇ ಗಾಳಿಯ ತೇವ ಅಳೆಯುವ ಉಪಕರಣಕ್ಕೆ ಮನುಷ್ಯರ ಕೂದಲನ್ನೇ ಕಟ್ಟಿದ್ದ. ತೇವ ಹೀರಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅಂಥ ಉಪಕರಣವನ್ನು ತಲೆತುಂಬ ಹೊತ್ತುಕೊಂಡು ಅಕ್ಕ ಮೇ ತಿಂಗಳಲ್ಲಿ ತಂಗಿಯ ಮದುವೆಗೆ ಮಂಗಳೂರಿಗೆ ಹೊರಟಳು. ಸೆಕೆಯೂರಿನ ಗಾಳಿಯಿಂದ ಗ್ಲಿಸರಿನ್ ಇನ್ನಷ್ಟು ನೀರು ಎಳೆಯುತ್ತದೆಂದು, ಶಿರಾಡಿ ಘಾಟಿ ಇಳಿಯುವ ಮೊದಲೇ ಸಕಲೇಶಪುರದ ಹೋಟೆಲಿನಲ್ಲಿ ಗ್ಲಿಸರಿನ್ ಇಲ್ಲದ ಕ್ರೀಮು ಹಚ್ಚಿಕೊಂಡದ್ದೂ ಆಯಿತು. ಬಂಟ್ವಾಳ ದಾಟುವಾಗ ಹಿಂದಿನ ಸೀಟಿನ ಮಗನಿಗೆ ಮುಂದಿನ ರಸ್ತೆ ಕಾಣುತ್ತಿರಲಿಲ್ಲ.

ಮದುವೆ ಬೆಳಿಗ್ಗೆ ತಲೆ ಕಟ್ಟಲು ಬಂದ ಪಾರ್ಲರಿನ ಹುಡುಗಿ ಒಮ್ಮೆ ನೋಡಿದಳು. ಮಾತಿಲ್ಲದೆ ಅಂಗೈಯಲ್ಲಿ ತೆಂಗಿನೆಣ್ಣೆ ಸವರಿ, ನೆತ್ತಿಯಿಂದ ಎಳೆದು, ತುರುಬು ಕಟ್ಟಿ, ಪಿನ್ನು ಚುಚ್ಚಿ, ಒಂದು ಅಟ್ಟೆ ಮಲ್ಲಿಗೆ ಸುತ್ತಿ, ಸ್ಪ್ರೇ ಡಬ್ಬಿ ಎತ್ತಿಕೊಂಡಳು. ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು.

“ಒಂದು ನಿಮಿಷ. ಇದರಲ್ಲಿರೋದು ಯಾವ ಆಲ್ಕೋಹಾಲು?”

“ಗೊತ್ತಿಲ್ಲ ಅಕ್ಕಾ, ನಾನು ಕುಡಿದು ನೋಡ್ಲಿಲ್ಲ.”