ಕೇಬಲ್ ರಾಯರು

ಕೇಬಲ್ ರಾಯರು ಅಂದರೆ ತಿಂಗಳ ಮೊದಲ ವಾರ ಟಿವಿ ದುಡ್ಡು ವಸೂಲಿಗೆ ಬರುವವರಲ್ಲ. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ನೆಲದಡಿಯ ತಂತಿಗಳ ಜೊತೆ ಬಾಳಿ, ನಿವೃತ್ತಿಯಾದ ಮೇಲೂ ಆ ಸಹವಾಸ ಬಿಡದವರು. ಇಂಥವರೊಬ್ಬರು ನಿಮ್ಮ ಬಡಾವಣೆಯಲ್ಲೂ ಇದ್ದಾರೆ. ಯಾರ ಮನೆಯಲ್ಲಿ ಏನು ಕೆಟ್ಟರೂ ಕರೆಯದೆ ಬರುತ್ತಾರೆ. ಕರೆದರೆ ಮಾತ್ರ ‘ನಾಳೆ ನೋಡೋಣ’ ಅನ್ನುತ್ತಾರೆ. ಅಂಗಿಯ ಜೇಬಿನಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಟೆಸ್ಟರ್. ಮದುವೆಮನೆಗೂ ಅದನ್ನು ಸಿಕ್ಕಿಸಿಕೊಂಡೇ ಬರುತ್ತಾರೆ. ಆರತಕ್ಷತೆಯಲ್ಲಿ ಮೈಕು ಕೈಕೊಟ್ಟಿತು ಅಂದರೆ, ಉಡುಗೊರೆ ಕೊಡಲು ನಿಂತ ಸಾಲನ್ನು ಬಿಟ್ಟು ವೇದಿಕೆಯ ಹಿಂಬದಿಗೆ ನುಗ್ಗುವ ಮೊದಲ ಅತಿಥಿ ಇವರೇ.

ರಾಯರ ಸಿದ್ಧಾಂತ ಒಂದೇ. ‘ಯಂತ್ರ ಕೆಡೋಲ್ಲ, ವೈರು ಕೆಡುತ್ತೆ.’ ತೊಂದರೆ ಏನೆಂದರೆ ಬಹಳ ಸಲ ಅವರು ಹೇಳಿದ್ದೇ ನಿಜವಾಗುತ್ತದೆ. ತಪ್ಪು ಹೇಳುವ ಪಂಡಿತರನ್ನು ನಕ್ಕು ಮರೆಯಬಹುದು. ಐದು ನಿಮಿಷದಲ್ಲಿ ಸರಿಯಾದದ್ದನ್ನೇ ಹೇಳಿ, ಅದನ್ನು ಸಾಬೀತು ಮಾಡಲು ಎರಡು ಗಂಟೆ ತೆಗೆದುಕೊಳ್ಳುವವರನ್ನು ಏನು ಮಾಡೋಣ?

ಮೂಲೆಮನೆ ಟೀಚರಮ್ಮನ ಎಂಪಿ3 ಪ್ಲೇಯರ್ ಪ್ರಸಂಗವನ್ನೇ ತೆಗೆದುಕೊಳ್ಳಿ. ಬೆಂಕಿಪೊಟ್ಟಣದಷ್ಟು ಪುಟ್ಟ ಪೆಟ್ಟಿಗೆ. ಅದರೊಳಗೆ ವಿದ್ಯಾಭೂಷಣರ ದೇವರನಾಮ, ಭೀಮಸೇನ ಜೋಶಿಯವರ ದಾಸವಾಣಿ, ಜೊತೆಗೆ ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡ, ತೀರಿಕೊಂಡ ಅಕ್ಕ ಹಾಡಿದ್ದ ಹಸೆ ಹಾಡುಗಳು. ಇದ್ದಕ್ಕಿದ್ದಂತೆ ಕಂಪ್ಯೂಟರಿಗೆ ಆ ಪೆಟ್ಟಿಗೆಯ ಗುರುತೇ ಹತ್ತದಾಯಿತು. ಟೀಚರಮ್ಮನ ಅಳಿಯ ಸಾಫ್ಟ್‌ವೇರಿನವನು. ಡಿವೈಸ್ ಮ್ಯಾನೇಜರ್ ತೆರೆದು ಎಲ್ಲಾದರೂ ಹಳದಿ ಗುರುತು ಇದೆಯೇ ಎಂದು ಹುಡುಕಿದ. ಇರಲಿಲ್ಲ. ಇಲ್ಲದ್ದಕ್ಕೇ ಅನುಮಾನ ಹೆಚ್ಚಾಗಿ ಡ್ರೈವರ್ ಕಿತ್ತು ಹಾಕಿದ, ವೈರಸ್ ಶೋಧ ನಡೆಸಿದ, ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿದ. ಕೊನೆಗೆ ‘ಹಳೇದಾಯ್ತು ಅತ್ತೆ, ಫೋನಲ್ಲೇ ಕೇಳಿ’ ಅಂದ. ಟೀಚರಮ್ಮ ಪೆಟ್ಟಿಗೆಯನ್ನೂ ಅಳಿಯನನ್ನೂ ಹಿಡಿದುಕೊಂಡು ಸೀದಾ ರಾಯರ ಮನೆಗೆ ಬಂದರು. ಪೇಪರು ವಾಪಸು ಕೊಡಲು ಹೋಗಿದ್ದ ನಾನು ಅಲ್ಲೇ ಕೂತೆ.

‘ಚಾರ್ಜ್ ಆಗುತ್ತಾ?’

‘ಆಗುತ್ತೆ. ಚೆನ್ನಾಗಿಯೇ ಆಗುತ್ತೆ.’

‘ಕಂಪ್ಯೂಟರು ಏನಾದರೂ ಅನ್ನುತ್ತಾ? ಗುರುತು ಸಿಗಲಿಲ್ಲ, ಸರಿಯಿಲ್ಲ, ಹೀಗೇನಾದರೂ?’

‘ಏನೂ ಅನ್ನಲ್ಲ’ ಅಂದ ಅಳಿಯ.

ರಾಯರ ಮುಖ ಅರಳಿತು. ಪ್ಲೇಯರಿನ ಕಡೆ ಅವರು ನೋಡಲೂ ಇಲ್ಲ. ‘ಈ ವೈರು ಯಾರದು?’ ಅಂತ ಶುರು ಮಾಡಿದರು. ಸಂಬಂಧ ನೋಡಲು ಬಂದ ಹಿರಿಯರು ಹುಡುಗನ ಗೋತ್ರ ಕೆದಕುವ ಹಾಗೆ ಅದರ ಹುಟ್ಟು, ಊರು, ಯಾವ ಡಬ್ಬಿಯ ಜೊತೆ ಬಂತು, ನಡುವೆ ಯಾರ ಮನೆಯಲ್ಲಿತ್ತು ಎಲ್ಲ ವಿಚಾರಣೆಯಾಯಿತು. ಪ್ಲೇಯರಿನ ಜೊತೆ ಬಂದ ವೈರು ಎಂದೋ ಕಳೆದುಹೋಗಿದೆ, ಇದು ಕರೆಂಟು ಹೋದಾಗ ಹಚ್ಚುವ ಎಮರ್ಜೆನ್ಸಿ ಲೈಟಿನದು ಎಂಬ ಸತ್ಯ ಕೊನೆಗೆ ಟೀಚರಮ್ಮನ ಬಾಯಿಂದ ಹೊರಬಿತ್ತು.

‘ಎರಡೂ ಬಿಳೀ ವೈರೇ, ಪಿನ್ನೂ ಒಂದೇ ತರ’ ಅಂದರು ಅವರು, ತುಸು ಅಪರಾಧಿ ದನಿಯಲ್ಲಿ.

ರಾಯರು ಒಂದು ಸತ್ತ ವೈರನ್ನು ತಂದು ಬ್ಲೇಡಿನಿಂದ ಸೀಳಿ, ಹೊಟ್ಟೆಯೊಳಗಿನ ನಾಲ್ಕು ಎಳೆಗಳನ್ನು ಮೇಜಿನ ಮೇಲೆ ಹರಡಿದರು. ‘ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಮಾತುಕತೆಗೆ.’ ಆಮೇಲೆ ಪಿನ್ನನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ಚಿನ್ನದ ಬಣ್ಣದ ನಾಲ್ಕು ಪಟ್ಟಿ. ಅಂಚಿನ ಎರಡು ಉದ್ದ, ನಡುವಿನ ಎರಡು ಗಿಡ್ಡ. ‘ಕಂಪ್ಯೂಟರಿಗೆ ಚುಚ್ಚುವಾಗ ಉದ್ದದ್ದು ಮೊದಲು ತಾಗುತ್ತೆ. ಅಂದರೆ ಮೊದಲು ಊಟ, ಆಮೇಲೆ ಮಾತು. ಅಗ್ಗದ ವೈರು ಮಾಡೋರು ಮಾತಿನ ಎರಡು ಎಳೆಯನ್ನೇ ಹಾಕದೆ ಬಿಟ್ಟುಬಿಡ್ತಾರೆ. ಪ್ಲೇಯರ್ ಕೆಟ್ಟಿದ್ದರೆ ಕಂಪ್ಯೂಟರು ಗೊಣಗಾದರೂ ಗೊಣಗೋದು. ಏನೂ ಅನ್ನಲಿಲ್ಲ ಅಂದರೆ ಸುದ್ದಿಯೇ ಮುಟ್ಟಿಲ್ಲ ಅಂತ ಅರ್ಥ.’ ಇಷ್ಟು ಹೇಳಿ, ಎಮರ್ಜೆನ್ಸಿ ಲೈಟಿನ ವೈರನ್ನು ಎತ್ತಿ ಹಿಡಿದು, ‘ಇದು ಊಟಕ್ಕೆ ಮಾತ್ರ ಬಂದಿರೋದು. ಉಂಡು ಸುಮ್ಮನೆ ಕೂರುತ್ತೆ, ಮಾತಾಡೋಲ್ಲ’ ಅಂದರು.

ಟೀಚರಮ್ಮ ಯಾಕೋ ಅಳಿಯನ ಕಡೆ ತಿರುಗಿ ನೋಡಿದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ರೋಗ ಗೊತ್ತಾಯಿತು, ಸರಿಯಾದ ವೈರು ಸಿಕ್ಕಿಸಿದರೆ ಆಯಿತು. ಆದರೆ ರಾಯರ ಮಂಚದಡಿಯಲ್ಲಿ ಒಂದು ಕಬ್ಬಿಣದ ಟ್ರಂಕಿದೆ. ಅವರು ಜೀವಮಾನದಲ್ಲಿ ಕಂಡ ವೈರುಗಳೆಲ್ಲ ಅದರೊಳಗೆ ಸುರುಳಿ ಸುತ್ತಿಕೊಂಡು ಮಲಗಿವೆ. ಪ್ರತಿಯೊಂದರ ಕುತ್ತಿಗೆಗೂ ಗಾಯಕ್ಕೆ ಹಚ್ಚುವ ಅಂಟುಪಟ್ಟಿ. ಅದರ ಮೇಲೆ ನೀಲಿ ಬಾಲ್‌ಪೆನ್ನಿನ ಬರಹ. ‘ಕ್ಯಾಮೆರಾ, 2007’, ‘ನೋಕಿಯಾ ಸಣ್ಣ ಪಿನ್’, ‘ಬಗ್ಗಿಸಿ ಹಿಡಿದರೆ ನಡೆಯುತ್ತೆ’, ‘ಸತ್ತಿದೆ, ಎಸೆಯಬಾರದು’. ಸತ್ತದ್ದನ್ನು ಯಾಕೆ ಎಸೆಯಬಾರದು ಎಂಬ ಪ್ರಶ್ನೆಯನ್ನು ಅವರ ಹೆಂಡತಿ ಮದುವೆಯಾದ ಹೊಸದರಲ್ಲೇ ಕೇಳಿ ಬಿಟ್ಟಿದ್ದಾರೆ.

ಆ ಟ್ರಂಕಿನಿಂದ ಹುಡುಕಿ ತೆಗೆದ ಸರಿಯಾದ ವೈರನ್ನು ರಾಯರ ಕಂಪ್ಯೂಟರಿಗೆ ಸಿಕ್ಕಿಸಿದಾಗಲೂ ಪ್ಲೇಯರ್ ಕಣ್ಣು ಬಿಡಲಿಲ್ಲ. ಅಳಿಯನ ತುಟಿಯಂಚಿನಲ್ಲಿ ಸಣ್ಣ ನಗು. ‘ಬ್ಯಾಟರಿ ತೀರಾ ಇಳಿದಿದೆ. ಅರ್ಧ ಗಂಟೆ ಹಾಗೇ ಬಿಡಬೇಕು’ ಎಂದು ತೀರ್ಪಿತ್ತ ರಾಯರು ಒಳಗೆ ಕಾಫಿಗೆ ಕೂಗಿದರು. ಪೂರ್ತಿ ಇಳಿದ ಬ್ಯಾಟರಿ ಒಂದಿಷ್ಟು ಏರುವ ತನಕ ಇಂಥ ಪೆಟ್ಟಿಗೆಗಳು ಉಸಿರೆತ್ತುವುದಿಲ್ಲ ಎಂಬುದು ನಿಜವೇ. ಆದರೆ ಆ ಅರ್ಧ ಗಂಟೆ ರಾಯರು ಸುಮ್ಮನಿರುವುದಿಲ್ಲ ಎಂಬುದು ಅದಕ್ಕಿಂತ ನಿಜ. 1979ರ ವಾಕ್‌ಮನ್‌ನಿಂದ ಹರಿಕಥೆ ಶುರು. 1998ರಲ್ಲಿ ಕೊರಿಯಾದವರು ಎಂಪಿಮ್ಯಾನ್ ತಂದದ್ದು, ಅದೇ ವರ್ಷ ಅಮೆರಿಕದಲ್ಲಿ ಡೈಮಂಡ್ ರಿಯೋ ಬಂದದ್ದು. ‘ಅದಕ್ಕೆ 32 ಎಂಬಿ ಜಾಗ. ಅರ್ಧ ಗಂಟೆ ಹಾಡು ಹಿಡಿಸಿದರೆ ಹೆಚ್ಚು. ಜೋಶಿಯವರು ಆಲಾಪ ಮುಗಿಸೋ ಹೊತ್ತಿಗೆ ಪೆಟ್ಟಿಗೆ ತುಂಬಿಬಿಡೋದು! ಆದರೆ ಸಿಕ್ಕಿಸೋದು ಎಲ್ಲಿಗೆ? ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ. ಎರಡು ಬದಿ ಸ್ಕ್ರೂ. ತಿರುಗಿಸಿ ಬಿಗಿದರೆ ಎಳೆದರೂ ಬರ್ತಿರಲಿಲ್ಲ.’ 2001ರ ಮೊದಲ ಐಪಾಡಿನಲ್ಲಿ 5 ಜಿಬಿ ಇತ್ತು ಎಂಬುದು ಅವರಿಗೆ ದೊಡ್ಡದಲ್ಲ. ಅದಕ್ಕೆ ಯುಎಸ್‌ಬಿ ಇರಲಿಲ್ಲ, ಫೈರ್‌ವೈರ್ ಮಾತ್ರ ಇತ್ತು ಎಂಬುದು ದೊಡ್ಡದು. 2022ರಲ್ಲಿ ಐಪಾಡ್ ತಯಾರಿಕೆ ನಿಂತ ಸುದ್ದಿ ಬಂದ ದಿನ ‘ಅದರ ಎರಡೂ ನಮೂನೆ ವೈರು ನನ್ನ ಹತ್ತಿರ ಇದೆ’ ಎಂದು ನಿಟ್ಟುಸಿರುಬಿಟ್ಟವರು ಇಡೀ ಬಡಾವಣೆಯಲ್ಲಿ ಇವರೊಬ್ಬರೇ. ನಾವು ಯಾರೂ ಐಪಾಡ್ ಇಟ್ಟುಕೊಂಡಿರಲಿಲ್ಲ. ಅವರೂ ಇಟ್ಟುಕೊಂಡಿರಲಿಲ್ಲ.

ಕಾಫಿ ಮುಗಿದರೂ ಪ್ಲೇಯರಿನ ಪರದೆ ಕಪ್ಪಗೇ ಇತ್ತು. ‘ಹ್ಯಾಂಗ್ ಆಗಿದೆ. ಪವರ್ ಬಟನ್ ಇಪ್ಪತ್ತು ಸೆಕೆಂಡು ಅದುಮಿ ಹಿಡೀಬೇಕು’ ಅಂದರು ರಾಯರು. ಗಡಿಯಾರ ಯಾರೂ ನೋಡಲಿಲ್ಲ. ಟೀಚರಮ್ಮ ಬಟನ್ ಅದುಮಿ, ಕಣ್ಣು ಮುಚ್ಚಿ ಹದಿನೇಳರ ಮಗ್ಗಿ ಹೇಳಿದರು. ಹದಿನೇಳ್ಹತ್ಲಿ ನೂರಾಎಪ್ಪತ್ತು ಅನ್ನುವಷ್ಟರಲ್ಲಿ ಪರದೆ ಬೆಳಗಿತು, ಕಂಪ್ಯೂಟರಿನಿಂದ ಮೇಲೇರುವ ಎರಡು ಸ್ವರ ಕೇಳಿತು. ಎಲ್ಲರೂ ‘ಬಂತು’ ಅಂದೆವು. ಮರುಕ್ಷಣವೇ ಕಂಪ್ಯೂಟರಿನ ಪರದೆಯ ಮೇಲೊಂದು ಪ್ರಶ್ನೆ. ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಅಳಿಯನ ಕೈ ಮೌಸಿನ ಕಡೆ ಹೋಯಿತು. ಕೆಟ್ಟ ಉದ್ದೇಶವೇನಲ್ಲ, ಕಂಪ್ಯೂಟರ್ ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ಆ ತಲೆಮಾರಿನ ರೂಢಿ. ರಾಯರು ಚಂಗನೆ ಹಾರಿ ಮೌಸಿನ ಮೇಲೆ ಅಂಗೈ ಮುಚ್ಚಿದರು. ಅಷ್ಟು ಚುರುಕು ಅವರಲ್ಲಿದೆಯೆಂದು ನನಗೆ ತಿಳಿದಿರಲಿಲ್ಲ. ‘ಅಕ್ಕನ ಹಾಡಿದೆ ಅದರಲ್ಲಿ!’ ಅಂದರು. ಟೀಚರಮ್ಮನ ಮುಖ ಬಿಳುಚಿತು.

‘ವೈರು ಸರಿ, ಪೆಟ್ಟಿಗೆ ಸರಿ. ಇನ್ನುಳಿದದ್ದು ಈ ತೂತು.’ ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟುಗಳ ಮೇಲೆ ರಾಯರಿಗೆ ಕಾಸಿನ ನಂಬಿಕೆಯಿಲ್ಲ. ಹಿಂದಿನವು ಮದರ್‌ಬೋರ್ಡಿಗೇ ಬೆಸೆದುಕೊಂಡಿರುತ್ತವೆ, ಮುಂದಿನವು ಒಳಗೆ ಇನ್ನೊಂದು ತೆಳು ವೈರಿನಲ್ಲಿ ಜೋತುಬಿದ್ದಿರುತ್ತವೆ. ಜೋಡಿಸಿದ ಹುಡುಗ ಸಡಿಲ ಬಿಟ್ಟಿದ್ದರೆ ದತ್ತಾಂಶ ಅರ್ಧಂಬರ್ಧ ಹರಿದು ಕಂಪ್ಯೂಟರಿಗೆ ತಲೆಬುಡ ತಿಳಿಯುವುದಿಲ್ಲ. ಅಂತೂ ಅಲ್ಲೂ ವೈರೇ ಅಪರಾಧಿ ಅನ್ನಿ. ಸಾಫ್ಟ್‌ವೇರ್ ಅಳಿಯ ಮೇಜಿನಡಿ ತೂರಿ, ಜೇಡರ ಬಲೆ ಸವರಿ, ಹಿಂಬದಿಯ ಪೋರ್ಟಿಗೆ ಪಿನ್ ಚುಚ್ಚಿದ. ಹಾಡುಗಳೆಲ್ಲ ಸಾಲಾಗಿ ಕಾಣಿಸಿಕೊಂಡವು. ರಾಯರು ಮೊದಲು ಅಷ್ಟನ್ನೂ ಕಂಪ್ಯೂಟರಿಗೆ ನಕಲು ಮಾಡಿಕೊಂಡರು. ಈ ಒಂದು ಬುದ್ಧಿಗಾಗಿ ಅವರ ಹರಿಕಥೆಯನ್ನೆಲ್ಲ ನಾನು ಮಾಫಿ ಮಾಡಿದ್ದೇನೆ.

ಅಳಿಯ ಪ್ಲೇಯರನ್ನು ಕಿತ್ತುಕೊಳ್ಳಲು ಹೋದಾಗ ಮತ್ತೊಂದು ತಡೆ. ‘ಸೇಫ್ಲಿ ರಿಮೂವ್ ಒತ್ತಿ.’

‘ವಿಂಡೋಸ್ 2018ರಲ್ಲೇ ಅದನ್ನ ಸಡಿಲ ಮಾಡಿದೆ ಅಂಕಲ್. ಬರೆಯೋದು ಮುಗಿದಿದ್ದರೆ ಹಾಗೇ ತೆಗೀಬಹುದು.’

‘ಗೊತ್ತು ಕಣಪ್ಪ. ಹೇಳದೆ ಹೋಗಬಹುದು ಅಂತ ಹೇಳದೇ ಹೋಗ್ತಾರಾ?’

ಹೊರಡುವಾಗ ಟೀಚರಮ್ಮ ಆ ವೈರನ್ನು ಕೇಳಿದರು. ರಾಯರು ಟ್ರಂಕಿನ ಬೀಗ ಹಾಕುತ್ತ, ‘ಹಾಡು ಹಾಕಬೇಕಾದಾಗ ಇಲ್ಲಿಗೇ ಬನ್ನಿ’ ಅಂದರು.

ಈಚೆಗೆ ರಾಯರಿಗೆ ಒಂದು ಗಂಡಾಂತರ ಬಂದಿತ್ತು. 2024ರ ಕೊನೆಯಿಂದ ಯುರೋಪಿನಲ್ಲಿ ಹೊಸದಾಗಿ ಮಾರುವ ಫೋನು, ಕ್ಯಾಮೆರಾ, ಹೆಡ್‌ಫೋನುಗಳಿಗೆಲ್ಲ ಟೈಪ್-ಸಿ ಪಿನ್ನೇ ಕಡ್ಡಾಯ ಎಂಬ ಸುದ್ದಿಯನ್ನು ಅಳಿಯ ಬೇಕೆಂದೇ ಬಂದು ತಿಳಿಸಿದ. ‘ಇನ್ನು ಎಲ್ಲಕ್ಕೂ ಒಂದೇ ವೈರು ಸಾಕು ಅಂಕಲ್.’ ರಾಯರು ಕೆಲವು ದಿನ ಟೆಸ್ಟರ್ ಇಲ್ಲದೆ ವಾಕಿಂಗ್ ಬಂದರು. ನೋಡಲಾಗುತ್ತಿರಲಿಲ್ಲ. ಆಮೇಲೊಂದು ಮಧ್ಯಾಹ್ನ ಪುರಭವನದ ಬಳಿ ಬಸ್ಸಿಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯನ್ನೆಲ್ಲ ಸುತ್ತಿ, ಸೀದಾ ಟೀಚರಮ್ಮನ ಮನೆಗೆ ನುಗ್ಗಿದರು. ಎರಡು ಕೈಯಲ್ಲಿ ಎರಡು ಟೈಪ್-ಸಿ ವೈರು. ಒಂದೇ ಬಣ್ಣ, ಒಂದೇ ಉದ್ದ, ಒಂದೇ ಪಿನ್ನು.

‘ಒಂದರಲ್ಲಿ ಸೆಕೆಂಡಿಗೆ 480 ಮೆಗಾಬಿಟ್ ಹೋಗುತ್ತೆ, ಇನ್ನೊಂದರಲ್ಲಿ 40 ಗಿಗಾಬಿಟ್! ಮೊದಲು ಪಿನ್ ನೋಡಿಯಾದರೂ ಹೇಳಬಹುದಿತ್ತು. ಈಗ ಬ್ರಹ್ಮ ಬಂದರೂ ಹೇಳೋಕಾಗಲ್ಲ!’ ಹತ್ತು ವರ್ಷ ಚಿಕ್ಕವರಾದ ಹಾಗೆ ಕಾಣುತ್ತಿದ್ದರು.

ಅಳಿಯ ಎರಡನ್ನೂ ಇಸಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟ. ‘ಯಾವುದು ಯಾವುದು ಅಂಕಲ್?’

ರಾಯರು ಬಲಗೈ ನೋಡಿದರು. ಎಡಗೈ ನೋಡಿದರು. ಅಂಟುಪಟ್ಟಿ ಇನ್ನೂ ಹಚ್ಚಿರಲಿಲ್ಲ.

ಅಡುಗೆಮನೆಯಿಂದ ಟೀಚರಮ್ಮ ಕೂಗಿದರು: ‘ಚಾರ್ಜ್ ಆಗುತ್ತೇನ್ರೀ ರಾಯರೇ?’