ಓರೆಗೆ ಒಂಬತ್ತಡಿ

ನೆಟ್ಟಗಿರುವ ವಸ್ತುವನ್ನು ಬರೆಯಲು ಯಾರಿಗೂ ಕಷ್ಟವಿಲ್ಲ. ಬೆಂಕಿಪೊಟ್ಟಣವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಮೂರು ಆಯತ ಗೀಚಿದರೆ ಮುಗಿಯಿತು. ಎಂಜಿನಿಯರಿಂಗ್ ಮೊದಲ ವರ್ಷದ ಡ್ರಾಯಿಂಗ್ ಪೇಪರಿಗೆ ಮಾತ್ರ ಈ ಸುಖ ಆಗಿಬರುವುದಿಲ್ಲ. ಅಲ್ಲಿ ಯಾವ ಪಿರಮಿಡ್ಡಿಗೂ ಆರಾಮಾಗಿ ಕೂರುವ ಯೋಗವಿಲ್ಲ. ಅದು ತಳದ ಒಂದೇ ಒಂದು ಅಂಚಿನ ಮೇಲೆ ನಿಂತು, ನೆಲಕ್ಕೆ 45 ಡಿಗ್ರಿ ವಾಲಿ, ಸಾಲದ್ದಕ್ಕೆ ಗೋಡೆಯ ಕಡೆಗೂ 30 ಡಿಗ್ರಿ ತಿರುಗಿಕೊಂಡಿರಬೇಕು. ಈಜಿಪ್ಟಿನ ಅರಸರು ಈ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಪಿರಮಿಡ್ ಕಟ್ಟಿಸಿದ್ದರೆ ಗೀಜಾದಲ್ಲಿ ಇವತ್ತು ಒಂದೂ ಉಳಿಯುತ್ತಿರಲಿಲ್ಲ.

ಈ ವಿದ್ಯೆಯ ಮೂಲಪುರುಷ ಫ್ರಾನ್ಸಿನ ಗಾಸ್ಪಾರ್ ಮೋಂಜ್, ಹುಟ್ಟಿದ್ದು 1746ರಲ್ಲಿ. ಮೆಜಿಯೇರ್ ಊರಿನ ಸೇನಾ ಎಂಜಿನಿಯರಿಂಗ್ ಶಾಲೆಯಲ್ಲಿದ್ದಾಗ, ಉಳಿದವರು ಉದ್ದುದ್ದ ಲೆಕ್ಕ ಹಾಕಿ ಬಿಡಿಸುತ್ತಿದ್ದ ಕೋಟೆಯ ಸಮಸ್ಯೆಯೊಂದನ್ನು ಬರೀ ಗೆರೆ ಎಳೆದು ಬಿಡಿಸಿದ. ಇಷ್ಟು ಬೇಗ ಹೇಗೆ ಮುಗಿಯಿತೆಂದು ಮೇಲಿನವರು ಮೊದಲು ನಂಬಲೇ ಇಲ್ಲ. ನಂಬಿದ ಮೇಲೆ ಅದನ್ನು ಸೇನಾ ರಹಸ್ಯವೆಂದು ಮುಚ್ಚಿಟ್ಟರು. ಬಹಿರಂಗವಾಗಿ ಪಾಠ ಹೇಳುವುದಕ್ಕೆ 1795 ಬರಬೇಕಾಯಿತು. 1799ರಲ್ಲಿ ಪುಸ್ತಕವೂ ಬಂತು. ಆ ರಹಸ್ಯವನ್ನು ಇನ್ನೂ ಸ್ವಲ್ಪ ಬಿಗಿಯಾಗಿ ಕಾಪಾಡಬಾರದಿತ್ತೇ ಎಂದು, ಡ್ರಾಫ್ಟರು ಹೆಗಲಿಗೇರಿಸಿ ಸಿಟಿ ಬಸ್ಸಿನಲ್ಲಿ ನೇತಾಡಿದವರಿಗೆಲ್ಲ ಅನ್ನಿಸಿದೆ.

ಓರೆಯ ಗುಣವೇ ಅಂಥದು. ಯಾವ ಕಡೆಯಿಂದ ನೋಡಿ ಬರೆದರೂ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಹೆಚ್ಚು ಕಂಡ ಉದಾಹರಣೆಯಿಲ್ಲ. ನೆಲದಿಂದ 60 ಡಿಗ್ರಿ ಎದ್ದ ಹಲಗೆ ಮೇಲಿನ ನೋಟದಲ್ಲಿ ಅರ್ಧಕ್ಕರ್ಧ ಮಾಯ. ಅದರ ನಿಜರೂಪ ಬೇಕಿದ್ದರೆ ಹಲಗೆಗೆ ನೇರ ಎದುರಾಗಿ ನಿಲ್ಲಬೇಕು. ಅದು ವಾಲಿದಷ್ಟೂ ನಾವೂ ವಾಲಬೇಕು. ಮದುವೆಯಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಭಾವನ ಮನೆಗೆ ಹೆಂಚಿನ ಮಾಡು ಹೊದಿಸುವಾಗ ಈ ಪಾಠ ಅಂಗಳದಲ್ಲೇ ನಡೆಯಿತು. ನಾಲ್ಕೂ ಕಡೆ ಇಳಿಜಾರಿನ ಮಾಡು. ಎರಡು ಇಳಿಜಾರು ಕೂಡುವ ಮೂಲೆಯಲ್ಲಿ ಓರೆಯಾಗಿ ಏರುವ ತೊಲೆಯೊಂದು ಬೇಕು. ಮೂಲೆಯಿಂದ ಈ ಕಡೆಗೆ 6 ಅಡಿ, ಆ ಕಡೆಗೆ 6 ಅಡಿ, ಮೇಲಕ್ಕೆ 3 ಅಡಿ. ತೊಲೆಯ ಉದ್ದ ಎಷ್ಟು? ಎಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ಹಾಳೆ ಹರಡಿ ಕೂತ. ಮೇಲಿನಿಂದ ನೋಡಿದರೆ ಸುಮಾರು 8.5 ಅಡಿ, ಮುಂದಿನಿಂದ ನೋಡಿದರೆ 7ಕ್ಕೂ ಕಡಿಮೆ. ಎರಡೂ ನಿಜವಾದ ಉದ್ದವಲ್ಲ. ಮೇಲಿನ ನೋಟದ ಗೆರೆಯನ್ನು ಗೋಡೆಗೆ ಸಮಾನಾಂತರವಾಗುವಂತೆ ತಿರುಗಿಸಿ, ಮುಂದಿನ ನೋಟಕ್ಕೆ ಏರಿಸಿ, ಅಳೆಯುವಷ್ಟರಲ್ಲಿ ಕಾಫಿ ಆರಿತ್ತು.

ಅಷ್ಟರಲ್ಲಿ ಆಚಾರಿ ಅಂಗಳದಲ್ಲಿ 6 ಅಡಿಯ ಚೌಕ ಹಾಕಿ, ಮೂಲೆಯಿಂದ ಮೂಲೆಗೆ ಸೀಮೆಸುಣ್ಣದ ಗೆರೆ ಎಳೆದು, ಒಂದು ತುದಿಯಲ್ಲಿ 3 ಅಡಿಯ ಕೋಲು ನಿಲ್ಲಿಸಿ, ಅದರ ತಲೆಯಿಂದ ಇನ್ನೊಂದು ತುದಿಗೆ ದಾರ ಕಟ್ಟಿದ. ಅದೂ ಇವನ ಹಾಳೆಯಲ್ಲಿದ್ದ ತ್ರಿಕೋನವೇ.

“ಮಾವ, ನಂಗೂ ಒಂಬತ್ತೇ ಬಂತು!” ಎಂದು ಹುಡುಗ ಕುಣಿದ.

“ಒಂಬತ್ತು ಬರ್ದೆ ಹತ್ತು ಬರಕ್ಕೆ ಇದೇನು ಲಾಟ್ರಿನಾ ಮಾರಾಯ? ಸೂರು ಹೊರಗೆ ಚಾಚೋದನ್ನ ಎಲ್ಲಿ ಹಿಡಿದೆ?” ಎಂದ ಆಚಾರಿ, ಒಂದೂವರೆ ಅಡಿ ಸೇರಿಸಿ ಮರ ಕೊಯ್ದ.

ಓರೆಗಾದರೂ ದಾರ ಕಟ್ಟಬಹುದು, ಬಾಗಿದ ಮೈ ಅದಕ್ಕೂ ಸಿಕ್ಕುವುದಿಲ್ಲ. ಗಾಡಿಯ ಚಕ್ರ ಗುಂಡಗಿದೆಯೆಂದು ಎಲ್ಲರಿಗೂ ಗೊತ್ತು. ಗೊತ್ತಿರುವುದೇ ತೊಂದರೆ, ಏಕೆಂದರೆ ಓರೆಯಿಂದ ನೋಡಿದಾಗ ಕಣ್ಣಿಗೆ ಕಾಣುವುದು ದೀರ್ಘವೃತ್ತ. ಅದರ ಉದ್ದನೆಯ ಅಕ್ಷ ಚಕ್ರದ ಅಚ್ಚಿಗೆ ಲಂಬವಾಗಿರಬೇಕು. ಈ ಒಂದು ನಿಯಮ ತಪ್ಪಿದರೆ ಹೊಸ ಗಾಡಿಯೂ ಹಾಳೆಯ ಮೇಲೆ ಅಪಘಾತವಾದಂತೆ ಕಾಣುತ್ತದೆ.

ಬಾಗಿದ್ದನ್ನು ಬಿಡಿಸಿ ಚಪ್ಪಟೆ ಮಾಡುವುದರಲ್ಲಿ ಇನ್ನೂ ತಮಾಷೆಯಿದೆ. ಮೇಣದಬತ್ತಿಗೆ ಕಾಗದ ಸುತ್ತಿ, ಓರೆಯಾಗಿ ಕತ್ತರಿಸಿ, ಕಾಗದ ಬಿಚ್ಚಿ ನೋಡಿ: ಕತ್ತರಿಸಿದ್ದು ನೇರವಾಗಿ, ಅಂಚು ಮಾತ್ರ ಅಲೆ ಅಲೆಯಾಗಿ ಏರಿಳಿದಿರುತ್ತದೆ. ಇದನ್ನು ನಮ್ಮ ಬೀದಿಯ ಟೈಲರ್ ಯಾವ ಕಾಲೇಜಿಗೂ ಹೋಗದೆ ಬಲ್ಲ. ಷರಟಿನ ತೋಳನ್ನು ಹೊಲಿಯುವ ಮುಂಚೆ ಮೇಜಿನ ಮೇಲೆ ಹರಡಿದಾಗ ಅದರ ತಲೆ ಗುಡ್ಡದಂತೆ ಎದ್ದಿರುವುದು ಸುಮ್ಮನೆ ಅಲ್ಲ. ಕೊಳವೆಯಂಥ ತೋಳು ಮೈಗೆ ಓರೆಯಾಗಿ ಕೂಡುತ್ತದೆ.

ಕೊಳವೆ, ಲಾಳಿಕೆಗಳನ್ನು ಹೀಗೆ ಬಿಚ್ಚಿ ಹರಡಬಹುದು. ಗೋಳ ಹಾಗಲ್ಲ. ಎಲ್ಲ ದಿಕ್ಕಿಗೂ ಉಬ್ಬಿದ ಮೈಯನ್ನು ಸೀಳದೆ, ಮಡಿಸದೆ, ಹಿಗ್ಗಿಸದೆ ಹಾಳೆಯಾಗಿಸುವುದು ಅಸಾಧ್ಯವೆಂದು ಗಣಿತ ಖಡಾಖಂಡಿತವಾಗಿ ಹೇಳಿದೆ. ಗೋಡೆಗೆ ತೂಗುಹಾಕಿದ ಎಷ್ಟೋ ಭೂಪಟಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಕ್ಕೆ ಸರಿಸಮನಾಗಿ ಊದಿಕೊಂಡಿರುವುದು ಇದೇ ಕಾರಣಕ್ಕೆ. ಮೊನ್ನೆ ಪ್ಯಾಂಟಿಗೆ ಅಳತೆ ತೆಗೆಯುವಾಗ ಟೈಲರ್ ನನ್ನ ಹೊಟ್ಟೆಯ ಸುತ್ತ ಟೇಪು ಹಿಡಿದು, ಗಣಿತಕ್ಕೆ ತಲೆಬಾಗಿ, “ಸಾರ್, ಮುಂದೆ ಪ್ಲೀಟ್ ಇಡ್ಲೇಬೇಕು, ಬಟ್ಟೆ ಸ್ವಲ್ಪ ಜಾಸ್ತಿ ಹಿಡಿಯುತ್ತೆ” ಎಂದ. ಓರೆಯಾದದ್ದು ಕಡಿಮೆ ಕಾಣುತ್ತದಲ್ಲ ಎಂದು ನಾನು ಅಂಗಡಿಯ ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ವಾಲಿ ನೋಡಿದೆ. ಆ ರಿಯಾಯಿತಿ ಚಪ್ಪಟೆಯವರಿಗೆ ಮಾತ್ರ; ಗೋಳ ಯಾವ ಕಡೆಯಿಂದ ನೋಡಿದರೂ ಪೂರ್ತಿ ವೃತ್ತವೇ.